ಹಳೆಯ ಲ್ಯಾಂಡ್ ಕ್ರೂಸರಿಗೆ ಹೊಸ ಬಲ

ಆಸ್ಟ್ರೇಲಿಯ ಖಂಡದ ನಡುಭಾಗದಲ್ಲಿ ಸಿಂಪ್ಸನ್ ಎಂಬ ಮರುಭೂಮಿಯಿದೆ. ಅಲ್ಲಿ ಒಂದರ ಪಕ್ಕಕ್ಕೊಂದು ಸಮಾನಾಂತರವಾಗಿ ಸಾವಿರಕ್ಕೂ ಮಿಕ್ಕಿ ಮರಳಿನ ದಿಣ್ಣೆಗಳು ಹಬ್ಬಿಕೊಂಡಿವೆ. ಅದರ ಅಂಚಿನಲ್ಲಿರುವ ಬರ್ಡ್ಸ್‌ವಿಲ್ ಎಂಬ ಪುಟ್ಟ ಊರಿನಿಂದ ದಕ್ಷಿಣದ ಮರ್ರೀ ಎಂಬಲ್ಲಿಗೆ ಹೋಗುವ ಮಣ್ಣಿನ ಹಾದಿಯ ಉದ್ದ ಐನೂರು ಕಿಲೋಮೀಟರಿಗೂ ಹೆಚ್ಚು. ಬೇಸಗೆಯಲ್ಲಿ ಇಂತಹ ಸ್ಥಳದಲ್ಲಿ ಇಂಜಿನು ಕೆಟ್ಟು ನಿಂತರೆ ಅದು ಬರಿಯ ಕೈಸೋಲುವ ಖರ್ಚಿನ ಮಾತಲ್ಲ. ನೀರು ಎಷ್ಟು ಉಳಿದಿದೆ ಎಂಬ ಪ್ರಶ್ನೆ ಏಳುತ್ತದೆ. ಹೀಗಿದ್ದರೂ ಈ ಹಾದಿಗಳಲ್ಲಿ ಓಡಾಡುವವರಲ್ಲಿ ಅನೇಕರು ಮೂವತ್ತು ವರ್ಷಕ್ಕೂ ಹಳೆಯದಾದ ಜಪಾನೀ ಡೀಸೆಲ್ ವಾಹನವೊಂದನ್ನು ಬಿಡಲೊಲ್ಲರು. ಅದನ್ನು ತಮಗೆ ಬೇಕಾದಂತೆ ತಿದ್ದಿ, ಬಲಪಡಿಸಿ ಬಳಸುವರು. ಈ ತಿದ್ದುಪಡಿಯ ಹಿಂದಿರುವ ಭೌತಶಾಸ್ತ್ರ ಏನು, ಅದರ ಮಿತಿ ಎಲ್ಲಿದೆ ಎಂಬುದೇ ಈ ಲೇಖನದ ವಿಷಯ. ಇಲ್ಲಿ ಬೇಕಾಗುವ ಗಣಿತ ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಅಲ್ಲ.

ವಾಹನದ ಹೆಸರು ಟೊಯೋಟ ಲ್ಯಾಂಡ್ ಕ್ರೂಸರ್. 1950ರ ದಶಕದ ಕೊನೆಯಲ್ಲಿ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಕಂತ್ರಾಟುದಾರರಾಗಿದ್ದ ಥೀಸ್ ಸಂಸ್ಥೆಯವರು ಇದನ್ನು ಜಪಾನಿನಿಂದ ತರಿಸಿಕೊಂಡರು. ಅಲ್ಲಿಂದ ಮುಂದೆ ಅದು ಆ ದೇಶದ ಕುರಿ, ದನಗಳ ಹುಲ್ಲುಗಾವಲುಗಳಿಗೂ ಗಣಿಗಳಿಗೂ ಹರಡಿತು. ನಾವು ಆರಿಸಿಕೊಂಡಿರುವುದು 1990ರ ಸುಮಾರಿಗೆ ಬಂದ 80ನೆಯ ಶ್ರೇಣಿಯ ವಾಹನವನ್ನು. ಅದರಲ್ಲಿಯೂ 1-ಎಚ್‌ಜೆಡ್ ಎಂಬ ಇಂಜಿನಿದ್ದುದನ್ನು. ಈ ಇಂಜಿನಿನಲ್ಲಿ ಸಾಲಾಗಿ ಆರು ಸಿಲಿಂಡರುಗಳಿವೆ. ಒಂದೊಂದರ ಒಳವ್ಯಾಸ 94 ಮಿಲಿಮೀಟರ್, ಪಿಸ್ಟನಿನ ಓಟ 100 ಮಿಲಿಮೀಟರ್. ಗುಣಿಸಿ ನೋಡಿದರೆ ಆರೂ ಸಿಲಿಂಡರುಗಳ ಒಟ್ಟು ಗಾತ್ರ 4,164 ಘನ ಸೆಂಟಿಮೀಟರ್, ಎಂದರೆ ಸುಮಾರು 4.2 ಲೀಟರ್ ಆಗುತ್ತದೆ. ಇಷ್ಟು ದೊಡ್ಡ ಇಂಜಿನಿನಿಂದ ಬರುವ ಶಕ್ತಿಯಾದರೋ ಸುಮಾರು 130 ಅಶ್ವಶಕ್ತಿ ಮಾತ್ರ. ಸಾಮಾನು, ನೀರು, ಇಂಧನ, ಜನ ಎಲ್ಲ ಸೇರಿ ಸುಮಾರು ಮೂರು ಟನ್ನು ತೂಗುವ ವಾಹನ ದಿಣ್ಣೆಯನ್ನು ಏರುವಾಗ ತೇಕುವುದು ಸಹಜವೇ ಆಗಿದೆ. ಆದುದರಿಂದ ಮಾಲಿಕನಿಗೆ ಮೊದಲು ಹುಟ್ಟುವ ಆಸೆ ಇನ್ನಷ್ಟು ಬಲ ಬೇಕೆಂಬುದು.

ಈ ಬಲ ಬರುವುದೆಲ್ಲಿಂದ? ಇಂಧನದಿಂದ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಇಂಧನ ಉರಿಯಬೇಕಾದರೆ ಗಾಳಿ ಬೇಕು. ಇಂಜಿನಿಗೆ ದುರ್ಲಭವಾದ ವಸ್ತು ಗಾಳಿಯೇ ಹೊರತು ಇಂಧನವಲ್ಲ. ಲೆಕ್ಕ ಹಾಕೋಣ. ಇಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ನಾಲ್ಕು ಓಟಗಳ ಇಂಜಿನಾದುದರಿಂದ ಎರಡು ಸುತ್ತಿಗೊಮ್ಮೆ ಮಾತ್ರ ಅದು ಉಸಿರೆಳೆಯುತ್ತದೆ. ಅಂದರೆ ನಿಮಿಷಕ್ಕೆ 1,500 ಬಾರಿ 4.16 ಲೀಟರಿನಂತೆ 6,240 ಲೀಟರ್. ಕವಾಟ, ಕೊಳವೆಗಳ ಅಡ್ಡಿಯಿಂದಾಗಿ ನೂರಕ್ಕೆ 85ರಷ್ಟು ಮಾತ್ರ ತುಂಬುವುದೆಂದರೆ ಸುಮಾರು 5,300 ಲೀಟರ್. ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ, ಆದುದರಿಂದ ನಿಮಿಷಕ್ಕೆ ಒಳಹೋಗುವ ಗಾಳಿ 6.4 ಕಿಲೋಗ್ರಾಂ. ಡೀಸೆಲ್ ಇಂಜಿನು ಹೊಗೆಯುಗುಳದೆ ದುಡಿಯಬೇಕಾದರೆ ಒಂದು ಪಾಲು ಇಂಧನಕ್ಕೆ 22 ಪಾಲು ಗಾಳಿ ಬೇಕೆಂದು ತೆಗೆದುಕೊಂಡರೆ, ಉರಿಸಬಹುದಾದ ಇಂಧನ ನಿಮಿಷಕ್ಕೆ 0.29 ಕಿಲೋಗ್ರಾಂ. ಕಿಲೋಗ್ರಾಂ ಡೀಸೆಲಿನಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿಯಿದೆ. ಒಟ್ಟು ಉಷ್ಣದ ದರ ಸುಮಾರು 208 ಕಿಲೋವಾಟ್. ಇದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಬಂದರೆ 70 ಕಿಲೋವಾಟ್, ಎಂದರೆ ಸುಮಾರು 94 ಅಶ್ವಶಕ್ತಿ. ಉಳಿದುದರಲ್ಲಿ ಒಂದು ಪಾಲು ರೇಡಿಯೇಟರಿನ ಮೂಲಕವೂ ಇನ್ನೊಂದು ಪಾಲು ಹೊಗೆಗೊಳವೆಯ ಮೂಲಕವೂ ವ್ಯರ್ಥವಾಗಿ ಹೋಗುತ್ತದೆ.

ಇಂಧನದ ಪಂಪಿನ ಮೇಲೆ ಒಂದು ಸಣ್ಣ ತಿರುಪು ಇದೆ. ಅದನ್ನು ಕೊಂಚ ತಿರುಗಿಸಿದರೆ ಪ್ರತಿ ಓಟದಲ್ಲಿಯೂ ಹೆಚ್ಚು ಇಂಧನ ಒಳಹೋಗುತ್ತದೆ. ಖರ್ಚೇನೂ ಇಲ್ಲದ, ಹತ್ತು ನಿಮಿಷದ ಕೆಲಸವಿದು. ಬಲವೂ ಸ್ವಲ್ಪ ಹೆಚ್ಚುವುದುಂಟು. ಆದರೆ ಇದರಷ್ಟು ಅಪಾಯಕರವಾದ ತಿದ್ದುಪಡಿ ಇನ್ನೊಂದಿಲ್ಲ. ಏಕೆಂದರೆ ಈ ವಿಷಯದಲ್ಲಿ ಪೆಟ್ರೋಲು ಇಂಜಿನಿಗೂ ಡೀಸೆಲು ಇಂಜಿನಿಗೂ ಇರುವ ಸ್ವಭಾವ ತದ್ವಿರುದ್ಧವಾದುದು. ಪೆಟ್ರೋಲು ಇಂಜಿನಿನಲ್ಲಿ ಗಾಳಿಯೂ ಇಂಧನವೂ ಸುಮಾರು ಸರಿದೂಗುವ ಪ್ರಮಾಣದಲ್ಲಿಯೇ ಬೆರೆತಿರುತ್ತವೆ; ಅಲ್ಲಿ ಇನ್ನಷ್ಟು ಪೆಟ್ರೋಲು ಸೇರಿಸಿದರೆ ಉರಿಯಲು ಗಾಳಿ ಸಿಗದ ಆ ಪೆಟ್ರೋಲು ಆವಿಯಾಗಿ ಸಿಲಿಂಡರನ್ನು ತಂಪಾಗಿಸುತ್ತದೆ. ಡೀಸೆಲಿನಲ್ಲಿ ಯಾವಾಗಲೂ ಗಾಳಿಯೇ ಹೆಚ್ಚು. ಉರಿಯಲ್ಲಿ ಭಾಗವಹಿಸದ ಈ ಹೆಚ್ಚುವರಿ ಗಾಳಿ ಶಾಖವನ್ನು ಹಂಚಿಕೊಂಡು ಒಟ್ಟು ಉಷ್ಣತೆಯನ್ನು ತಗ್ಗಿಸುತ್ತಿರುತ್ತದೆ. ಇಲ್ಲಿ ಇಂಧನವನ್ನು ಹೆಚ್ಚಿಸಿದಷ್ಟೂ ಬಿಸಿ ಏರುತ್ತದೆ, ಗಾಳಿಯನ್ನು ಹೆಚ್ಚಿಸಿದಷ್ಟೂ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಗಾಳಿಯನ್ನು ಹಾಗೆಯೇ ಇಟ್ಟು ಇಂಧನವನ್ನು ನೂರಕ್ಕೆ 40ರಷ್ಟು ಹೆಚ್ಚಿಸಿದರೆ ಪ್ರಮಾಣ 22ರಿಂದ 16ಕ್ಕೂ ಕೆಳಗಿಳಿಯುತ್ತದೆ. ಹೊಗೆಗೊಳವೆಯಿಂದ ಕಾಡಿಗೆಯಂತಹ ಹೊಗೆ ಹೊರಟಿತೆಂದರೆ ಒಳಗಿನ ಪರಿಸ್ಥಿತಿ ಏನೆಂದು ಊಹಿಸಬಹುದು.

ಆದುದರಿಂದ ವಿವೇಕದ ಮಾರ್ಗ ಮೊದಲು ಗಾಳಿಯನ್ನು ಹೆಚ್ಚಿಸುವುದು. ಇದಕ್ಕೆ ಉಪಾಯವನ್ನು ತೋರಿಸಿದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ. 1905ರಲ್ಲಿಯೇ ಆತ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಹೊಗೆಗೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಪುಟ್ಟ ಗಾಲಿಯನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿಯಿಂದ ಹೊರಗಿನ ಗಾಳಿಯನ್ನು ಇಂಜಿನಿನೊಳಕ್ಕೆ ಒತ್ತಿ ತುಂಬುವುದೇ ಆ ಉಪಾಯ. ಇದೇ ಟರ್ಬೊ. ವಾತಾವರಣದ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಿದೆವೆಂದುಕೊಳ್ಳೋಣ. ಒತ್ತಡ ಒಂದೂವರೆ ಪಾಲಾಯಿತು. ಗಾಳಿಯೂ ಒಂದೂವರೆ ಪಾಲಾಯಿತೆ? ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತಾರೆ. ಟರ್ಬೊದಲ್ಲಿಯೂ ಹಾಗೆಯೇ. ಹೊರಗಿನ ಗಾಳಿ 30 ಡಿಗ್ರಿ ಇದ್ದರೆ, ಟರ್ಬೊವಿನ ದಕ್ಷತೆ ನೂರಕ್ಕೆ 65 ಎಂದು ಹಿಡಿದು ಲೆಕ್ಕಿಸಿದಾಗ, ಅದುಮಿದ ಗಾಳಿಯ ಉಷ್ಣತೆ ಸುಮಾರು 87 ಡಿಗ್ರಿ ಆಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ನಿರಪೇಕ್ಷ ಮಾನದಲ್ಲಿ 303ರಿಂದ 360ಕ್ಕೆ ಏರಿದ ಉಷ್ಣತೆಯಿಂದ ಒಂದೂವರೆಯನ್ನು ತಗ್ಗಿಸಿದರೆ ಸಾಂದ್ರತೆ 1.26 ಪಾಲು ಮಾತ್ರವೇ ಆಯಿತು. ಐವತ್ತರ ಆಸೆಯಲ್ಲಿ ಹೊರಟವನಿಗೆ ಇಪ್ಪತ್ತಾರು ದೊರಕಿತು! ಈ ಗಾಳಿಯನ್ನು ಇಂಟರ್‌ಕೂಲರ್ ಎಂಬ, ರೇಡಿಯೇಟರನ್ನು ಹೋಲುವ ಸಾಧನದ ಮೂಲಕ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.41ಕ್ಕೆ ಏರುತ್ತದೆ. ಟರ್ಬೊ ಕೊಂಡು ಇಂಟರ್‌ಕೂಲರಿನ ಹಣ ಉಳಿಸುವವರು ಅರ್ಧ ಕೆಲಸ ಮಾಡಿದಂತೆ ಎಂದು ನಮ್ಮ ಅಭಿಪ್ರಾಯ.

ಇಲ್ಲಿಗೆ ಎಲ್ಲವೂ ಸುಗಮವಾಗಿ ತೋರಬಹುದು. ತೊಡಕು ಇರುವುದು ಇನ್ನು ಮುಂದೆಯೇ. ಡೀಸೆಲ್ ಇಂಜಿನಿಗೆ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿ, ಅದರ ಬಿಸಿಯಿಂದಲೇ ಇಂಧನವನ್ನು ಹೊತ್ತಿಸುವುದು ರುಡಾಲ್ಫ್ ಡೀಸೆಲನ ತತ್ತ್ವ. 1-ಎಚ್‌ಜೆಡ್ ಇಂಜಿನಿನಲ್ಲಿ ಗಾಳಿಯನ್ನು ಅದರ ಗಾತ್ರದ 22.4ನೆಯ ಒಂದು ಪಾಲಿಗೆ ಅದುಮಲಾಗುತ್ತದೆ. ಇದಕ್ಕೆ ಸಂಪೀಡನ ಅನುಪಾತವೆಂದು ಹೆಸರು. ಇಷ್ಟೊಂದು ಏಕೆ ಬೇಕಾಯಿತೆಂದರೆ, ಈ ಇಂಜಿನಿನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವುದಿಲ್ಲ. ಸಿಲಿಂಡರಿನ ತಲೆಯೊಳಗೆ ಕೊರೆದ ಒಂದು ಚಿಕ್ಕ ಕೋಣೆಗೆ ಸಿಂಪಡಿಸುತ್ತಾರೆ. ನಾವು ಅದನ್ನು ಮುಂಗೋಣೆ ಎನ್ನೋಣ. ಅಲ್ಲಿ ಗಾಳಿ ಸುಳಿಯಾಗಿ ತಿರುಗುತ್ತಿರುವುದರಿಂದ ಇಂಧನ ಚೆನ್ನಾಗಿ ಬೆರೆತು ಸದ್ದಿಲ್ಲದೆ ಉರಿಯುತ್ತದೆ. ಆದರೆ ಮುಂಗೋಣೆಯ ಗೋಡೆಗಳ ಮೂಲಕ ಶಾಖ ಸೋರಿಹೋಗುವುದೂ ಹೆಚ್ಚು. ಆ ನಷ್ಟವನ್ನು ತುಂಬಲು ಹೆಚ್ಚು ಅದುಮಬೇಕು.

ಈಗ ಒತ್ತಡಗಳನ್ನು ನೋಡೋಣ. ಟರ್ಬೊ ಇಲ್ಲದಾಗ, ಇಂಧನ ಉರಿಯುವ ಮೊದಲೇ, ಅದುಮಿದ ಗಾಳಿಯ ಒತ್ತಡ ಸುಮಾರು 66 ವಾತಾವರಣಗಳಷ್ಟು, ಉಷ್ಣತೆ ಸುಮಾರು 630 ಡಿಗ್ರಿ. ಟರ್ಬೊ ಸೇರಿಸಿ, ಇಂಟರ್‌ಕೂಲರ್ ಇಲ್ಲದೆ ಓಡಿಸಿದರೆ ಒತ್ತಡ 100 ವಾತಾವರಣಗಳಿಗೂ ಉಷ್ಣತೆ 800 ಡಿಗ್ರಿಯ ಹತ್ತಿರಕ್ಕೂ ಹೋಗುತ್ತದೆ. ಉರಿದ ಮೇಲಿನ ಮಾತು ಬೇರೆಯೇ. ಈ ಹೊರೆಯನ್ನು ತಡೆಯಬೇಕಾದವು ತಲೆಯ ಕೆಳಗಿನ ಗ್ಯಾಸ್ಕೆಟ್, ಪಿಸ್ಟನ್, ಮತ್ತು ಮುಂಗೋಣೆಯ ಸುತ್ತಲಿನ ಎರಕದ ಕಬ್ಬಿಣ. ಬಿಸಿಯೆಲ್ಲ ಒಂದು ಚಿಕ್ಕ ಜಾಗದಲ್ಲಿ ಕೇಂದ್ರೀಕೃತವಾಗಿರುವುದರಿಂದ ಮುಂಗೋಣೆಯ ಬಳಿ ಬಿರುಕು ಬಿಡುವುದು ಟರ್ಬೊ ಜೋಡಿಸಿದ ಇಂತಹ ಇಂಜಿನುಗಳ ಪರಿಚಿತ ರೋಗವಾಗಿದೆ. ಕಾರ್ಖಾನೆಯವರು ಸ್ವತಃ ಟರ್ಬೊ ಇಟ್ಟು ತಯಾರಿಸಿದ ಸೋದರ ಇಂಜಿನೊಂದಿದೆ, 1-ಎಚ್‌ಡಿ-ಟಿ ಎಂದು ಅದರ ಹೆಸರು. ಅದರ ಸಿಲಿಂಡರಿನ ಅಳತೆಗಳು ಇದರಂತೆಯೇ ಇದ್ದರೂ ಅವರು ಮುಂಗೋಣೆಯನ್ನು ತೆಗೆದುಹಾಕಿದರು, ಅನುಪಾತವನ್ನು 18.6ಕ್ಕೆ ಇಳಿಸಿದರು. ಅದೇ ಒಂದೂವರೆ ಪಾಲು ಒತ್ತಡದ ಗಾಳಿ ಅಲ್ಲಿ 78 ವಾತಾವರಣಗಳಿಗೆ ಮಾತ್ರ ಏರುತ್ತದೆ. ತಯಾರಕರು ಟರ್ಬೊವಿಗಾಗಿ ಇಂಜಿನನ್ನೇ ಬೇರೆಯಾಗಿ ವಿನ್ಯಾಸ ಮಾಡಿದರೆಂಬುದನ್ನು ಗಮನಿಸಬೇಕು. ಹಾಗೆಂದು ಆ ಇಂಜಿನು ನಿರ್ದೋಷಿಯೇನೂ ಅಲ್ಲ. ಅದರ ಕನೆಕ್ಟಿಂಗ್ ರಾಡುಗಳ ಕೆಳತುದಿಯ ಬೇರಿಂಗುಗಳು ಬೇಗ ಸವೆಯುತ್ತವೆಂದು ತಿಳಿದವರು ಕೆಡುವ ಮೊದಲೇ ಅವನ್ನು ಬದಲಿಸಿಬಿಡುತ್ತಾರೆ.

ಹಾಗಾದರೆ 1-ಎಚ್‌ಜೆಡ್ ಇಂಜಿನಿಗೆ ಟರ್ಬೊ ಸಲ್ಲದೆ? ಸಲ್ಲುತ್ತದೆ, ಆಸ್ಟ್ರೇಲಿಯದಲ್ಲಿ ಬಹಳ ಮಂದಿ ಜೋಡಿಸಿಕೊಂಡು ವರ್ಷಗಟ್ಟಲೆ ಓಡಿಸಿದ್ದಾರೆ. ಒತ್ತಡವನ್ನು ಮೇಲೆ ಹೇಳಿದ ಅರ್ಧ ವಾತಾವರಣಕ್ಕಿಂತ ಹೆಚ್ಚಿಸಬಾರದು, ಬಿಸಿಯನ್ನು ಅಳೆಯುತ್ತಿರಬೇಕು. ಅಳೆಯುವ ಉಪಕರಣ ಪೈರೋಮೀಟರ್. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದು ಆ ತುದಿಯನ್ನು ಕಾಯಿಸಿದರೆ ವಿದ್ಯುದೊತ್ತಡ ಹುಟ್ಟುತ್ತದೆಂದು 1821ರಲ್ಲಿ ಸೀಬೆಕ್ ಕಂಡುಹಿಡಿದನಷ್ಟೆ. ನಿಕಲ್ ಮಿಶ್ರಲೋಹಗಳ ಇಂತಹ ಜೋಡಿಯೊಂದು 700 ಡಿಗ್ರಿಯಲ್ಲಿ ಸುಮಾರು 29 ಮಿಲಿವೋಲ್ಟ್ ಕೊಡುತ್ತದೆ. ಅದನ್ನು ಹೊಗೆ ಹೊರಬರುವ ಕೊಳವೆಯಲ್ಲಿ ತೂರಿಸಿ, ಚಾಲಕನ ಮುಂದೆ ಮುಳ್ಳಿನ ಮಾಪಕವೊಂದನ್ನು ಇಟ್ಟರೆ ಸಾಕು. ತಂತಿಯನ್ನು ಟರ್ಬೊವಿಗಿಂತ ಮೊದಲು ಇಡಬೇಕು. ಆಚೆ ಇಟ್ಟರೆ ನೂರು ಡಿಗ್ರಿ ಅಥವಾ ಇನ್ನೂ ಹೆಚ್ಚು ಕಡಮೆ ತೋರಿಸಿ ಮೋಸಮಾಡುತ್ತದೆ. ಸಾಮಾನ್ಯವಾಗಿ 650ರಿಂದ 700 ಡಿಗ್ರಿಯನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳುವರು. ಪಿಸ್ಟನ್ನಿಗೆ ಬಳಸುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ 577 ಡಿಗ್ರಿಯಲ್ಲಿಯೇ ಕರಗತೊಡಗುವುದಲ್ಲ, ಇದು ಹೇಗೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಉರಿ ತಗಲುವುದು ಕ್ಷಣಮಾತ್ರ. ಪಿಸ್ಟನ್ ತನಗೆ ಬಂದ ಶಾಖವನ್ನು ಉಂಗುರಗಳ ಮೂಲಕ ಸಿಲಿಂಡರಿನ ಗೋಡೆಗೂ ಕೆಳಗಿನ ಎಣ್ಣೆಗೂ ಕೊಡುತ್ತಲೇ ಇರುತ್ತದೆ. ಬರುವ ಶಾಖ ಹೋಗುವುದಕ್ಕಿಂತ ಹೆಚ್ಚಾದಾಗ ಅಪಾಯ. ಇದಕ್ಕೆ ಕೆಲವು ನಿಮಿಷಗಳು ಸಾಕು; ಬಂಡಿಯನ್ನು ಕಟ್ಟಿ ಎಳೆಯುತ್ತ ಎದುರುಗಾಳಿಯಲ್ಲಿ ಉದ್ದನೆಯ ಏರನ್ನು ಹತ್ತುವಾಗ ಆಗುವುದು ಅದೇ. ನೀರಿನ ಉಷ್ಣತೆಯನ್ನು ತೋರಿಸುವ ಮುಳ್ಳು ಆಗಲೂ ನೆಮ್ಮದಿಯಾಗಿ ನಡುವೆ ನಿಂತಿರುತ್ತದೆ.

ಇಂಧನದ ಪಂಪಿನದೂ ಒಂದು ಮಾತು. ಹಳೆಯ ಪಂಪು ಶುದ್ಧ ಯಾಂತ್ರಿಕವಾದುದು. ಒಳಗೆ ಗಾಳಿ ಎಷ್ಟಿದೆಯೆಂಬುದು ಅದಕ್ಕೆ ತಿಳಿಯದು. ಟರ್ಬೊ ಪೂರ್ತಿಯಾಗಿ ತಿರುಗುತ್ತಿರುವಾಗ ಬೇಕಾದಷ್ಟು ಇಂಧನಕ್ಕೆ ಅದನ್ನು ಹೊಂದಿಸಿದರೆ, ಟರ್ಬೊ ಇನ್ನೂ ನಿಧಾನವಾಗಿರುವಾಗ ಅದೇ ಇಂಧನ ಅತಿಯಾಗಿ ಹೊಗೆಯಾಗುತ್ತದೆ. ಟರ್ಬೊವಿನ ಒತ್ತಡದಿಂದ ಅಲುಗಾಡುವ ಒಂದು ಪೊರೆಯ ಮೂಲಕ ಇಂಧನವನ್ನು ಏರಿಳಿಸುವ ಸಾಧನವನ್ನು ಪಂಪಿಗೆ ಜೋಡಿಸುವುದೇ ಸರಿಯಾದ ಕ್ರಮ.

ಗಾಳಿಯ ಪ್ರಮಾಣದಷ್ಟೇ ಅದರ ಶುದ್ಧಿಯೂ ಮುಖ್ಯ. ವಾಹನದ ಮುಂಗಂಬದ ಪಕ್ಕದಲ್ಲಿ ಚಾವಣಿಯೆತ್ತರಕ್ಕೆ ನಿಂತ ಕೊಳವೆಯನ್ನು, ಸ್ನಾರ್ಕೆಲನ್ನು, ಚಿತ್ರಗಳಲ್ಲಿ ನೋಡಿರಬಹುದು. ಅದು ಹೊಳೆ ದಾಟುವುದಕ್ಕೆಂದು ಎಲ್ಲರೂ ಭಾವಿಸುವರು. ಒಳನಾಡಿನಲ್ಲಿ ಅದರ ನಿತ್ಯದ ಉಪಯೋಗ ಧೂಳಿನಿಂದ ಮೇಲಕ್ಕೆ ನಿಂತು ಉಸಿರೆಳೆಯುವುದು. ಸಿಲಿಕಾ ಕಣಗಳು ಸಿಲಿಂಡರಿನ ಗೋಡೆಯನ್ನು ಸಾಣೆಹಿಡಿದಂತೆ ತೇಯುತ್ತವೆ. ನೀರಿನ ವಿಷಯದಲ್ಲಿಯೂ ಒಂದು ಲೆಕ್ಕ ಕುತೂಹಲಕರವಾಗಿದೆ. ಒಂದು ಸಿಲಿಂಡರಿನ ಗಾತ್ರ 694 ಘನ ಸೆಂಟಿಮೀಟರ್, ಅನುಪಾತ 22.4 ಆದುದರಿಂದ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 694ನ್ನು 21.4ರಿಂದ ಭಾಗಿಸಿದಷ್ಟು, ಅಂದರೆ 32 ಘನ ಸೆಂಟಿಮೀಟರ್. ಆರೇಳು ಚಹಾ ಚಮಚದಷ್ಟು ನೀರು! ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ, ನೀರು ಗಾಳಿಯಂತೆ ಕುಗ್ಗದಾದುದರಿಂದ, ಕನೆಕ್ಟಿಂಗ್ ರಾಡು ಬಾಗಲೇಬೇಕು.

ಇಂಜಿನು ಬಲವಾಯಿತು. ಮುಂದೆ ಚಕ್ರಗಳತ್ತ ಕಣ್ಣು ಹೋಗುತ್ತದೆ. 275/70-16 ಅಳತೆಯ ಟೈರಿನ ವ್ಯಾಸ 791 ಮಿಲಿಮೀಟರ್. ಅದರ ಬದಲು 285/75-16 ಹಾಕಿದರೆ 834. ನೆಲದಿಂದ ಅಚ್ಚಿನ ಎತ್ತರ ಹೆಚ್ಚುವುದು ಈ ವ್ಯತ್ಯಾಸದ ಅರ್ಧ, 21 ಮಿಲಿಮೀಟರ್ ಮಾತ್ರ. ಇಷ್ಟಕ್ಕೆ ತೆರಬೇಕಾದ ಬೆಲೆ ನೂರಕ್ಕೆ ಐದಕ್ಕಿಂತ ಹೆಚ್ಚು: ಚಕ್ರ ನೆಲವನ್ನು ತಳ್ಳುವ ಬಲ ಅಷ್ಟು ಕುಗ್ಗಿತು, ಬ್ರೇಕಿನ ಹೊರೆ ಅಷ್ಟು ಹೆಚ್ಚಿತು, ವೇಗಮಾಪಕ 100 ಎಂದು ತೋರಿಸುವಾಗ ನಿಜವೇಗ 105 ದಾಟಿತು. ಇನ್ನೂ ದೊಡ್ಡದಾದ 315/75-16 ಹಾಕಿದವರು ಟರ್ಬೊವಿನಿಂದ ಗಳಿಸಿದ್ದರ ಒಂದು ಪಾಲನ್ನು ಟೈರಿಗೆ ಒಪ್ಪಿಸಿದಂತಾಗುತ್ತದೆ. ಆಗ ಅಚ್ಚಿನೊಳಗಿನ ಹಲ್ಲುಚಕ್ರಗಳ ಪ್ರಮಾಣವನ್ನು ಸುಮಾರು 4.1ರಿಂದ 4.56ಕ್ಕೆ ಏರಿಸಿ ಮೊದಲಿನ ಸ್ಥಿತಿಗೆ ಮರಳುವರು.

ಸ್ಪ್ರಿಂಗುಗಳನ್ನು ಎತ್ತರಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೈಕಲ್ಲಿನ ಮುಂಚಿಮಟ ಹಿಂದಕ್ಕೆ ವಾಲಿರುವುದರಿಂದಲ್ಲವೆ ಕೈಬಿಟ್ಟರೂ ಚಕ್ರ ನೇರವಾಗಿರಲು ಯತ್ನಿಸುವುದು? ಮೋಟಾರಿನ ಮುಂಚಕ್ರಗಳಿಗೂ ಅಂತಹ ವಾಲುವಿಕೆಯಿದೆ. ಕ್ಯಾಸ್ಟರ್ ಎಂದು ಅದರ ಹೆಸರು. 80ನೆಯ ಶ್ರೇಣಿಯ ಮುಂದಿನ ಅಚ್ಚನ್ನು ಎರಡು ಉದ್ದನೆಯ ತೋಳುಗಳು ಹಿಡಿದಿರುತ್ತವೆ. ದೇಹವನ್ನು 50 ಮಿಲಿಮೀಟರ್ ಮೇಲೆತ್ತಿದರೆ ತೋಳು ಕೆಳಗಿಳಿದು ಅಚ್ಚು ತಿರುಚಿಕೊಳ್ಳುತ್ತದೆ. ತೋಳಿನ ಉದ್ದ ಒಂದು ಮೀಟರೆಂದು ಹಿಡಿದರೆ ತಿರುಚಿದ ಕೋನ ಮೂರು ಡಿಗ್ರಿಯ ಹತ್ತಿರವಾಯಿತು. ಕಾರ್ಖಾನೆಯವರು ಇಟ್ಟಿದ್ದ ಕ್ಯಾಸ್ಟರೂ ಸುಮಾರು ಅಷ್ಟೇ! ತೋಳಿನ ತುದಿಯ ಬುಷ್‌ಗಳನ್ನು ತಕ್ಕಂತೆ ಬದಲಿಸದಿದ್ದರೆ ವಾಹನ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯತೊಡಗುತ್ತದೆ.

ಎಲ್ಲಕ್ಕೂ ಮೊದಲು ಆಗಬೇಕಾದ, ಆದರೆ ಎಲ್ಲರೂ ಕೊನೆಗೆ ತಳ್ಳುವ ಕೆಲಸ ಬ್ರೇಕಿನದು. 2.4 ಟನ್ನಿನ ವಾಹನ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದುದು, ಈಗ 3 ಟನ್ನಾಗಿ 105ರಲ್ಲಿ ಹೋದರೆ ಅದರ ಚಲನಶಕ್ತಿ ನೂರಕ್ಕೆ 70ರಷ್ಟು ಹೆಚ್ಚುತ್ತದೆ. ವೇಗದ ವರ್ಗ ಲೆಕ್ಕಕ್ಕೆ ಬರುವುದನ್ನು ಮರೆಯಬಾರದು. ಮೂರು ಟನ್ನನ್ನು 100ರ ವೇಗದಿಂದ ಒಮ್ಮೆ ನಿಲ್ಲಿಸುವಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖದಿಂದ ಮೂರೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮೂವತ್ತು ವರ್ಷದ ರಬ್ಬರು ಕೊಳವೆಗಳೂ ನೀರನ್ನು ಹೀರಿಕೊಂಡ ಹಳೆಯ ಬ್ರೇಕ್ ದ್ರವವೂ ಇದನ್ನು ತಾಳಬೇಕು. ಹಾಗೆಯೇ ರೇಡಿಯೇಟರ್, ಟೈಮಿಂಗ್ ಬೆಲ್ಟು, ಕವಾಟಗಳ ಸಂದು ಇವನ್ನೆಲ್ಲ ಮೊದಲಿನ ಸ್ಥಿತಿಗೆ ತಂದ ಮೇಲೆಯೇ ಟರ್ಬೊವಿನ ಮಾತನ್ನೆತ್ತುವುದು ಲೇಸು.

ಕಾನೂನಿನ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಆಸ್ಟ್ರೇಲಿಯದಲ್ಲಿ ಪ್ರತಿ ರಾಜ್ಯವೂ ಇಂತಹ ಬದಲಾವಣೆಗೆ ಮಿತಿಗಳನ್ನು ಇಟ್ಟಿದೆ; ಅದನ್ನು ಮೀರಿದರೆ ಮಾನ್ಯತೆ ಪಡೆದ ಇಂಜಿನಿಯರನ ಪ್ರಮಾಣಪತ್ರ ಬೇಕು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ಇದಕ್ಕೆ ಸಂಬಂಧಿಸಿದುದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಹಳೆಯ ಜೀಪಿಗೆ ದೊಡ್ಡ ಟೈರು ಹಾಕಿಸಹೊರಟ ತರುಣರು ಗ್ಯಾರೇಜಿಗೆ ಹೋಗುವ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಕೆಲಸವೆಲ್ಲ ಮುಗಿದು ವಾಹನ ಹಾದಿ ಹಿಡಿದ ಮೇಲೆ ಚಾಲಕನು ರೂಢಿಸಿಕೊಳ್ಳಬೇಕಾದ ಅಭ್ಯಾಸವೊಂದು ಉಳಿಯುತ್ತದೆ. ಟರ್ಬೊವಿನ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿನಂತೆ ತೆಳುವಾದ ಎಣ್ಣೆಯ ಪದರದ ಮೇಲೆ ತಿರುಗುತ್ತಿರುತ್ತದೆ, ಅದರ ಒಂದು ಬದಿ ಕೆಂಪಗೆ ಕಾದಿರುತ್ತದೆ. ಏರು ಹತ್ತಿದ ಕೂಡಲೆ ಇಂಜಿನನ್ನು ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಅಲ್ಲಿ ಉಳಿದ ಎಣ್ಣೆ ಸುಟ್ಟು ಇದ್ದಲಿನಂತೆ ಗಟ್ಟಿಯಾಗಿ ಬೇರಿಂಗನ್ನು ಕೆಡಿಸುತ್ತದೆ. ಎರಡು ಮೂರು ನಿಮಿಷ ಇಂಜಿನನ್ನು ನಿಧಾನವಾಗಿ ತಿರುಗಲು ಬಿಟ್ಟು, ಪೈರೋಮೀಟರಿನ ಮುಳ್ಳು 200 ಡಿಗ್ರಿಯ ಸುಮಾರಿಗೆ ಇಳಿದ ಮೇಲೆ ಕೀಲಿಯನ್ನು ತಿರುಗಿಸಬೇಕು.